ಲಂಗದ ದಾರ ಎಲ್ಲಿ ಕಟ್ಟುವುದು?

ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಅವಳ ಗಂಡ ಕೆಳಗೆ ಬಿಲ್ ಕೌಂಟರಿಗೆ ಹೋಗಿದ್ದರು. ಅಮ್ಮ ಫ್ಲಾಸ್ಕ್ ತೊಳೆಯಲು ಹೊರಗೆ ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆಗ ಮೆಲ್ಲಗೆ ಕೇಳಿದಳು, "ಟೀಚರ್, ಲಂಗದ ದಾರ ಎಲ್ಲಿ ಕಟ್ಟುವುದು?"

ಅಷ್ಟು ಹೊತ್ತು ಅವಳು ಡಾಕ್ಟರ ಹತ್ತಿರ ಒಂದು ಮಾತೂ ಕೇಳಿರಲಿಲ್ಲ. ಅವರು ಒಳ್ಳೆಯ ಡಾಕ್ಟರು. ಕಾಗದದ ಮೇಲೆ ಕರುಳಿನ ಚಿತ್ರ ಬಿಡಿಸಿ, ಎಲ್ಲಿ ಕತ್ತರಿಸುತ್ತೇವೆ, ತುದಿಯನ್ನು ಎಲ್ಲಿ ಹೊರಗೆ ತರುತ್ತೇವೆ ಎಂದು ತಾಳ್ಮೆಯಿಂದ ಹೇಳಿದ್ದರು. "ಏನಾದರೂ ಕೇಳ್ಲಿಕ್ಕೆ ಉಂಟಾ?" ಎಂದೂ ಕೇಳಿದ್ದರು. ಅವಳು ಇಲ್ಲ ಎಂದು ತಲೆಯಾಡಿಸಿದ್ದಳು. ಕೇಳುವುದು ಇತ್ತು. ಆದರೆ ಇಷ್ಟು ದೊಡ್ಡ ಕಾಯಿಲೆಯ ಮುಂದೆ ಲಂಗದ ದಾರದ ಮಾತು ಎತ್ತುವುದು ಹೇಗೆ ಅಂತ ಅವಳಿಗೆ ಅನಿಸಿರಬೇಕು. ನನಗೂ ಒಂದು ಕಾಲದಲ್ಲಿ ಹಾಗೇ ಅನಿಸಿತ್ತು.

ನನ್ನ ಹೊಟ್ಟೆಯ ಎಡಗಡೆ ಒಂದು ಸ್ಟೋಮಾ ಇದೆ, ಅಂದರೆ ಮಲ ಹೊರಗೆ ಬರಲು ಮಾಡಿದ ದಾರಿ. ಎಂಟು ವರ್ಷ ದಾಟಿತು. ನಾನು ಮಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸಿದವಳು. ಗುದನಾಳದ ಕ್ಯಾನ್ಸರ್ ಆಗಿತ್ತು. ಐದು ವಾರ ರೇಡಿಯೇಷನ್ ಆಯಿತು. ಗಡ್ಡೆ ತೀರಾ ಕೆಳಗಿದ್ದ ಕಾರಣ ಗುದದ್ವಾರವನ್ನು ಉಳಿಸಲು ಆಗಲಿಲ್ಲ. ಗುದನಾಳ ತೆಗೆದು, ಅಲ್ಲಿ ಹೊಲಿಗೆ ಹಾಕಿ, ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಕೂರಿಸಿದರು. ಇದಕ್ಕೆ ಕೊಲೊಸ್ಟಮಿ ಎನ್ನುತ್ತಾರೆ. ನನ್ನದು ಶಾಶ್ವತ. ಮಲ ಅಲ್ಲಿಂದಲೇ ಬರುತ್ತದೆ, ಹೊಟ್ಟೆಗೆ ಅಂಟಿಸಿದ ಬ್ಯಾಗಿನೊಳಗೆ ಬೀಳುತ್ತದೆ.

ಹೀಗೆ ನಾಲ್ಕು ಸಾಲಿನಲ್ಲಿ ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಆಪರೇಷನ್ನಿನ ಹಿಂದಿನ ರಾತ್ರಿ ನಾನು ಮಲಗಿರಲಿಲ್ಲ. ಸಾಯುತ್ತೇನೆ ಅಂತ ಅಲ್ಲ. ಶಾಲೆಯ ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಾಗುತ್ತದೆ ಅಂತ. ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಹತ್ತಿರ ಕೂತವರು ಮೂಗು ಮುಚ್ಚಿಕೊಳ್ಳುತ್ತಾರೆ ಅಂತ. ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ ನಾನು, ಇನ್ನು ಸೀರೆ ಉಡುವುದು ಹೇಗೆ ಅಂತ. ಇವನ್ನೆಲ್ಲ ಯಾರನ್ನು ಕೇಳುವುದು? ವಾರ್ಡಿನಲ್ಲಿ ಅಷ್ಟು ಜನ ಇದ್ದರು. ಸ್ಟೋಮಾ ಇದ್ದವರು ಒಬ್ಬರೂ ಇರಲಿಲ್ಲ. ಇದ್ದರೂ ನನಗೆ ಗೊತ್ತಾಗುವ ಹಾಗಿರಲಿಲ್ಲ.

ಇನ್ನೊಂದು ವಿಷಯ. ಸ್ಟೋಮಾ ಎಲ್ಲಿ ಬರಬೇಕು ಎಂದು ಆಪರೇಷನ್ನಿಗೆ ಮೊದಲೇ ಹೊಟ್ಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಬೇಕು. ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಏಕೆಂದರೆ ಮಲಗಿದಾಗ ಚಪ್ಪಟೆಯಾಗಿ ಕಾಣುವ ಹೊಟ್ಟೆ ಕೂತಾಗ ಮಡಿಕೆ ಬೀಳುತ್ತದೆ. ಆ ಮಡಿಕೆಯಲ್ಲಿ ಸ್ಟೋಮಾ ಬಂದರೆ ಅಂಟು ನಿಲ್ಲುವುದಿಲ್ಲ. ನನಗೆ ಆ ದಿನ ಗಡಿಬಿಡಿಯಲ್ಲಿ ಮಲಗಿಸಿಯೇ ಗುರುತು ಹಾಕಿದರು. ನೀವು ಸೀರೆ ಎಲ್ಲಿ ಕಟ್ಟುತ್ತೀರಿ ಅಂತ ಕೇಳಲಿಲ್ಲ. ಕೇಳಬೇಕಾದ ಮಾತು ಅದು ಅಂತ ನನಗೂ ಗೊತ್ತಿರಲಿಲ್ಲ. ಇವತ್ತಿಗೂ ನನ್ನ ಸ್ಟೋಮಾ ಸರಿಯಾಗಿ ಮಡಿಕೆಯ ಮೇಲೆ, ಲಂಗದ ದಾರ ಬೀಳುವ ಜಾಗದ ಪಕ್ಕದಲ್ಲಿದೆ. ಕೂತು ಎದ್ದು ಮಾಡಿದರೆ ಸಂಜೆಯ ಹೊತ್ತಿಗೆ ಅಂಟಿನ ಒಂದು ಅಂಚು ಏಳುತ್ತದೆ. ಎಂಟು ವರ್ಷದಿಂದ ಪ್ರತಿ ಸಂಜೆ.

ಆಪರೇಷನ್ ಆಗಿ ಆರನೇ ದಿನ ಮಧ್ಯಾಹ್ನ ಒಬ್ಬರು ಅಕ್ಕ ಬಂದರು. ಅರವತ್ತು ದಾಟಿದವರು. ಕಾಪುವಿನ ಕಡೆಯ ಹಳ್ಳಿಯವರು. ತಮ್ಮದೇ ಚೆಕಪ್ಪಿಗೆ ಬಂದಿದ್ದವರನ್ನು ಸಿಸ್ಟರ್ ಒಬ್ಬರು ಕೈ ಹಿಡಿದು ಕರೆತಂದಿದ್ದರು. "ಇವರೊಟ್ಟಿಗೆ ಸ್ವಲ್ಪ ಮಾತಾಡಿ" ಎಂದು ಹೇಳಿ ಹೋದರು. ಅಕ್ಕ ಸ್ಟೂಲ್ ಎಳೆದು ಕೂತರು. "ಎಂಚ ಉಲ್ಲರ್?", ಹೇಗಿದ್ದೀರಿ, ಎಂದು ತುಳುವಿನಲ್ಲಿ ಕೇಳಿದರು. ನಾನು ಸುಮ್ಮನೆ ಇದ್ದೆ. ಆ ಆರು ದಿನ ನಾನು ಹೊಟ್ಟೆಯ ಕಡೆ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಬ್ಯಾಗ್ ಬದಲಿಸುವಾಗ ಗೋಡೆ ನೋಡುತ್ತಿದ್ದೆ.

ಅವರು ಕಾಯಿಲೆಯ ಸುದ್ದಿ ಎತ್ತಲಿಲ್ಲ. ಊಟ ಆಯಿತಾ ಅಂದರು. ಮನೆ ಎಲ್ಲಿ ಅಂದರು. ಊರಿನಿಂದ ಕಾಪುವಿಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿಗೆ ಸರ್ವಿಸ್ ಬಸ್ಸಿನಲ್ಲಿ ನಿಂತುಕೊಂಡೇ ಬಂದದ್ದು, ಸೀಟು ಸಿಗಲಿಲ್ಲ ಎಂದರು. ಆಮೇಲೆ ಕೇಳಿದರು, "ನನಗೆ ಯಾವ ಬದಿಯಲ್ಲಿ ಉಂಟು, ಹೇಳಿ ನೋಡುವ."

ನಾನು ಆಗ ಅವರನ್ನು ನೋಡಿದೆ. ಹಳದಿ ಹೂವಿನ ನೈಲೆಕ್ಸ್ ಸೀರೆ. ಮಡಿಲಲ್ಲಿ ಪರ್ಸು. ಎಡವಾ, ಬಲವಾ, ನನಗೆ ತಿಳಿಯಲಿಲ್ಲ. ವಾಸನೆ ಏನೂ ಇರಲಿಲ್ಲ. ಸ್ವಲ್ಪ ಬೀಡಿ ಎಲೆಯ ವಾಸನೆ ಇತ್ತು, ಅಷ್ಟೆ. ಬೀಡಿ ಕಟ್ಟುವವರು ಅವರು. ಹನ್ನೊಂದು ವರ್ಷದಿಂದ ಸ್ಟೋಮಾ ಇದೆ ಅಂದರು. ಹನ್ನೊಂದು ವರ್ಷ! ಆ ಲೆಕ್ಕ ನನ್ನ ಮೇಲೆ ಮಾಡಿದ ಪರಿಣಾಮ ಯಾವ ಔಷಧಿಯೂ ಮಾಡಿರಲಿಲ್ಲ. ಹನ್ನೊಂದು ವರ್ಷ ಒಬ್ಬರು ಇದರ ಜೊತೆ ಬದುಕಿ, ಬಸ್ಸಿನಲ್ಲಿ ನಿಂತುಕೊಂಡು, ಇಲ್ಲಿ ನನ್ನೆದುರು ಸ್ಟೂಲಿನ ಮೇಲೆ ಕೂತಿದ್ದಾರೆ.

ಬೀಡಿ ಕಟ್ಟುವವರು ನೆಲದಲ್ಲಿ ಕೂತು, ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಅದರಲ್ಲೇ. ತಡ್ಪೆಯ ಅಂಚು ಸರಿಯಾಗಿ ಹೊಟ್ಟೆಗೆ ತಾಗುತ್ತದೆ. "ಮೂರು ತಿಂಗಳು ಕಟ್ಟಲೇ ಇಲ್ಲ. ಮತ್ತೆ ತಡ್ಪೆಯನ್ನು ಸ್ವಲ್ಪ ಮುಂದೆ, ಮೊಣಕಾಲಿನ ಮೇಲೆ ಇಟ್ಟು ನೋಡಿದೆ. ಕೈ ಎಟಕಲಿಲ್ಲ. ಅಭ್ಯಾಸ ಆಗ್ಲಿಕ್ಕೆ ಇನ್ನೊಂದು ತಿಂಗಳು ಹಿಡಿಯಿತು. ಈಗ ಬ್ರಾಂಚಿಗೆ ಮೊದಲಿನಷ್ಟೇ ಬೀಡಿ ಕೊಡುತ್ತೇನೆ" ಎಂದರು. ಆಮೇಲೆ ಬಾಗಿಲು ಮುಂದೆ ಮಾಡಿ, ಸೆರಗು ಸರಿಸಿ ಲಂಗ ತೋರಿಸಿದರು. ದಾರ ತೆಗೆದು ಎರಡು ಬೆರಳು ಅಗಲದ ಬಟ್ಟೆಯ ಪಟ್ಟಿ ಹೊಲಿದಿದ್ದರು. ಕಟ್ಟಿದ್ದು ಸ್ಟೋಮಾದಿಂದ ಮೇಲೆ. ಗಂಟು ಬಲಗಡೆ. "ಸಪೂರದ ದಾರ ಕೊರೆಯುತ್ತದೆ. ಪಟ್ಟಿ ಆದರೆ ಸುಖ" ಎಂದರು.

ಅವರು ಹೋದ ಮೇಲೆ ನಾನು ಮೊದಲ ಸಲ ಕೆಳಗೆ ನೋಡಿದೆ.

ನೋಡಲು ಹೆದರುವವರಿಗೆ ಹೇಳುತ್ತೇನೆ. ಅದು ಗಾಯ ಅಲ್ಲ. ಬಾಯಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಸ್ಟೋಮಾ ಎಂದರೆ ಗ್ರೀಕ್ ಮಾತಿನಲ್ಲಿ ಬಾಯಿ ಎಂದೇ ಅರ್ಥ. ಮುಟ್ಟಿದರೆ ನೋಯುವುದಿಲ್ಲ, ನೋವು ತಿಳಿಯುವ ನರ ಅಲ್ಲಿಲ್ಲ. ಒರೆಸುವಾಗ ಒಂದು ಹನಿ ರಕ್ತ ಬಂದರೆ ಗಾಬರಿ ಬೇಡ. ಆದರೆ ಬಣ್ಣ ಕಪ್ಪಗೆ ಅಥವಾ ನೇರಳೆಗೆ ತಿರುಗಿದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಮೊದಲು ಊದಿಕೊಂಡಿರುತ್ತದೆ. ಆರರಿಂದ ಎಂಟು ವಾರದಲ್ಲಿ ಸಣ್ಣದಾಗುತ್ತದೆ. ಹಾಗಾಗಿ ಆ ಸಮಯದಲ್ಲಿ ಪ್ರತಿ ಸಲ ಅಳತೆ ನೋಡಿಯೇ ಫ್ಲೇಂಜ್, ಅಂದರೆ ಬ್ಯಾಗ್ ಕೂರಿಸಲು ಚರ್ಮಕ್ಕೆ ಅಂಟಿಸುವ ಬಿಲ್ಲೆ, ಕತ್ತರಿಸಬೇಕು. ರಂಧ್ರ ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಜಾಸ್ತಿ ದೊಡ್ಡದಾದರೆ ಚರ್ಮ ಸುಡುತ್ತದೆ.

ಇನ್ನೊಂದು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗುದನಾಳ ತೆಗೆದ ಮೇಲೂ ಅಲ್ಲಿಂದಲೇ ಮಲ ಬರುವ ಹಾಗೆ ಅನಿಸುತ್ತದೆ. ಒತ್ತಡ ಬರುತ್ತದೆ, ಎದ್ದು ಓಡಬೇಕು ಅನಿಸುತ್ತದೆ. ಕೈ ಕಳೆದುಕೊಂಡವರಿಗೆ ಇಲ್ಲದ ಕೈ ನೋಯುವ ಹಾಗೆ. ನನಗೆ ತಲೆ ಕೆಟ್ಟಿತು ಅಂತಲೇ ಅಂದುಕೊಂಡಿದ್ದೆ. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಅದು ನನಗೂ ಉಂಟು ಟೀಚರ್. ಈಗಲೂ ಒಮ್ಮೊಮ್ಮೆ ಬರ್ತದೆ. ಸ್ವಲ್ಪ ಹೊತ್ತು ಕೂತರೆ ಹೋಗ್ತದೆ" ಎಂದರು. ನನಗೂ ಉಂಟು. ಆ ಎರಡು ಮಾತು ಕೇಳಿ ನಾನು ಅಡಿಗೆ ಮನೆಯಲ್ಲಿ ನಿಂತು ಅತ್ತೆ.

ಆಮೇಲೆ ಈ ವಿಷಯದ ಹಿಂದೆ ಬಿದ್ದು ಓದಿದೆ. ನನಗಾದ ಆಪರೇಷನ್ನನ್ನು ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿದರು. ಬದುಕಿ ಉಳಿದವರು ಮನೆಗೆ ಹೋಗಿ ಏನು ಮಾಡುತ್ತಿದ್ದರು? ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ರಬ್ಬರ್ ಚೀಲ, ಡಬ್ಬಿ, ಬೆಲ್ಟು. ಇವತ್ತು ನಾವು ಬಳಸುವಂಥ, ಮೈಗೆ ಅಂಟುವ, ಬಳಸಿ ಎಸೆಯುವ ಬ್ಯಾಗಿನ ಯೋಚನೆ ಬಂದದ್ದು 1954ರಲ್ಲಿ. ಡೆನ್ಮಾರ್ಕಿನ ಎಲಿಸೆ ಸೊರೆನ್ಸನ್ ಎಂಬ ನರ್ಸಿಗೆ. ಅವರ ತಂಗಿ ಥೋರಾಳಿಗೆ ಸ್ಟೋಮಾ ಆಗಿತ್ತು. ಸೋರುತ್ತದೆ ಎಂಬ ಭಯದಿಂದ ತಂಗಿ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅಕ್ಕನಿಗೆ ಅದು ನೋಡಲು ಆಗಲಿಲ್ಲ. ಅದೇ ಸಮಯದಲ್ಲಿ ಅಮೆರಿಕದ ಒಹಾಯೊದಲ್ಲಿ ನಾರ್ಮಾ ಗಿಲ್ ಎಂಬ ಹೆಂಗಸಿಗೆ ಡಾಕ್ಟರ್ ರೂಪರ್ಟ್ ಟರ್ನ್‌ಬುಲ್ ಇಲಿಯೊಸ್ಟಮಿ, ಅಂದರೆ ಸಣ್ಣ ಕರುಳಿನ ಸ್ಟೋಮಾ, ಮಾಡಿದರು. ಗುಣವಾದ ಮೇಲೆ ಆಕೆ ಬೇರೆ ರೋಗಿಗಳಿಗೆ ಹೇಳಿಕೊಡಲು ಶುರು ಮಾಡಿದರು. 1958ರಲ್ಲಿ ಆ ಡಾಕ್ಟರು ಅವರನ್ನು ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಇದೇ ಕೆಲಸಕ್ಕೆ ಇಟ್ಟುಕೊಂಡರು. 1961ರಲ್ಲಿ ಅಲ್ಲಿ ತರಬೇತಿ ಶಾಲೆಯೂ ಶುರುವಾಯಿತು. ಇವತ್ತು ಲೋಕದ ಎಲ್ಲ ಕಡೆ ಇರುವ ಸ್ಟೋಮಾ ನರ್ಸುಗಳ ವೃತ್ತಿ ಹುಟ್ಟಿದ್ದು ಹಾಗೆ, ಒಬ್ಬ ರೋಗಿಯಿಂದ.

ಇದನ್ನು ಓದಿದಾಗ ನನಗೆ ಬೀಡಿ ಅಕ್ಕನ ನೆನಪಾಯಿತು. ಅವರು ಓದಿದ್ದು ನಾಲ್ಕನೇ ಕ್ಲಾಸು. ಮಾಡಿದ್ದು ನಾರ್ಮಾ ಗಿಲ್ ಮಾಡಿದ ಕೆಲಸವನ್ನೇ.

ನಾನೂ ಹೀಗೆ ಬೇರೆ ರೋಗಿಗಳ ಹತ್ತಿರ ಹೋಗಲು ಶುರು ಮಾಡಿದ್ದು ಆಪರೇಷನ್ ಆಗಿ ಒಂದೂವರೆ ವರ್ಷದ ಮೇಲೆ. ಅದಕ್ಕಿಂತ ಮೊದಲು ಹೋಗಬಾರದು ಅಂತ ಈಗ ನನ್ನ ಅಭಿಪ್ರಾಯ. ನಮ್ಮ ಗಾಯ ಹಸಿ ಇರುವಾಗ ಇನ್ನೊಬ್ಬರ ಎದುರು ಕೂತರೆ ನಮ್ಮದೇ ಅಳಲು ಹೊರಗೆ ಬರುತ್ತದೆ. ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪು ಅದೇ. ಮುಲ್ಕಿ ಕಡೆಯ ಒಬ್ಬರು ಅಮ್ಮನ ಹತ್ತಿರ ಮುಕ್ಕಾಲು ಗಂಟೆ ನಾನೇ ಮಾತಾಡಿದೆ. ಚೀಲ ತೆಗೆದು ಬ್ಯಾಗು, ಪೇಸ್ಟು, ಪೌಡರು ಎಲ್ಲ ಹಾಸಿಗೆಯ ಮೇಲೆ ಹರಡಿದೆ. ಅವರು ಮುಖ ಆಚೆ ತಿರುಗಿಸಿದರು. ನನ್ನನ್ನು ಇನ್ನು ಕಳಿಸಬೇಡಿ ಅಂತ ಸಿಸ್ಟರಿಗೆ ಹೇಳಿದರಂತೆ. ಅವರಿಗೆ ನಾನು ಇವತ್ತಿಗೂ ಕ್ಷಮೆ ಕೇಳಲು ಆಗಿಲ್ಲ.

ಈಗ ನಾನು ಬ್ಯಾಗನ್ನು ಕೇಳಿದರೆ ಮಾತ್ರ ತೋರಿಸುತ್ತೇನೆ. ಸರ್ಜನ್ ಒಪ್ಪಿದರೆ ಮಾತ್ರ ಹೋಗುತ್ತೇನೆ. ಔಷಧಿಯ ಮಾತು ಆಡುವುದಿಲ್ಲ. ಗುಣ ಆಗುತ್ತದೆ ಅಂತ ಭರವಸೆ ಕೊಡುವುದಿಲ್ಲ, ಅದು ನನ್ನ ಕೈಯಲ್ಲಿಲ್ಲ. ಒಳ್ಳೆಯ ಇಸ್ತ್ರಿ ಸೀರೆ ಉಟ್ಟು ಹೋಗುತ್ತೇನೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಲಿ ಅಂತ ಸುಮ್ನೆ ಕೂರುತ್ತೇನೆ. ಹೆಚ್ಚಿನವರು ಮೊದಲ ಹತ್ತು ನಿಮಿಷ ನೋಡುವುದೇ ಅದನ್ನು. ನೋಡಿ ಮುಗಿದ ಮೇಲೆ ಪ್ರಶ್ನೆ ಬರುತ್ತದೆ.

ಬರುವ ಪ್ರಶ್ನೆಗಳು ಎಂಥವು ಗೊತ್ತುಂಟಾ? ರಾತ್ರಿ ಮಗ್ಗುಲು ತಿರುಗಿದರೆ ಒಡೆಯುತ್ತದಾ? ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಬಹುದಾ? ತಲೆಸ್ನಾನ ಮಾಡಬಹುದಾ? ಶಬ್ದ ಬಂದರೆ ಏನು ಮಾಡುವುದು? ಶಬ್ದ ಬರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಸ್ಟೋಮಾಕ್ಕೆ ಬಿಗಿಹಿಡಿಯುವ ಸ್ನಾಯು ಇಲ್ಲ. ಶಾಲೆಗೆ ಮರಳಿದ ಮೊದಲ ವಾರ, ನಾನು ಬೋರ್ಡಿನ ಮೇಲೆ ಬರೆಯುವಾಗ ಕ್ಲಾಸಿನ ನಿಶ್ಶಬ್ದದಲ್ಲಿ ಅದು ಸದ್ದು ಮಾಡಿತು. ಕೈ ನಡುಗಿತು. ಅಕ್ಕ ಹೇಳಿಕೊಟ್ಟಿದ್ದರು, ಪುಸ್ತಕ ಹಿಡಿದ ಕೈಯನ್ನೇ ಹೊಟ್ಟೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ ಅಂತ. ಹಾಗೆ ಮಾಡಿದೆ. ಪಾಠ ಮುಂದುವರಿಸಿದೆ.

ಒಬ್ಬರ ಸ್ಟೋಮಾದ ಅನುಭವ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ ಎಂದು ನಾನು ಕಲಿತದ್ದು ಕಷ್ಟದಿಂದ. ದುಬೈಯಿಂದ ರಜೆಯಲ್ಲಿ ಬಂದ ಒಬ್ಬ ಹುಡುಗ. ದೊಡ್ಡ ಕರುಳೇ ಹುಣ್ಣಾಗಿ, ಅದನ್ನು ತೆಗೆದು, ಸಣ್ಣ ಕರುಳನ್ನು ಬಲಗಡೆ ಹೊರಗೆ ತಂದಿದ್ದರು. ಅವನದು ಇಲಿಯೊಸ್ಟಮಿ. "ಆಂಟಿ, ನೀರು ನೀರಾಗಿ ಹೋಗ್ತದೆ, ಬಾಯಿ ಒಣಗ್ತದೆ" ಅಂದ. ನೀರು ಚೆನ್ನಾಗಿ ಕುಡಿ ಮಗಾ ಅಂದೆ. ಅವನು ಬಾಟಲಿ ಮೇಲೆ ಬಾಟಲಿ ಬರೀ ನೀರು ಕುಡಿದ. ಹೋಗುವುದು ಇನ್ನೂ ಜಾಸ್ತಿ ಆಯಿತು. ಕಾಲು ಸೆಳೆದು, ತಲೆ ತಿರುಗಿ ಬಿದ್ದ. ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು.

ನೀರನ್ನೂ ಉಪ್ಪನ್ನೂ ಹೀರಿಕೊಳ್ಳುವ ಕೆಲಸ ದೊಡ್ಡ ಕರುಳಿನದು. ಅದು ಇಲ್ಲದವರಿಗೆ ಉಪ್ಪು ನೀರಿನ ಜೊತೆ ಹರಿದು ಹೋಗುತ್ತದೆ. ಬರೀ ನೀರು ಸುರಿದರೆ ಉಳಿದ ಉಪ್ಪೂ ತೊಳೆದು ಹೋಗುತ್ತದೆ. ಬೇಕಾದದ್ದು ಓಆರ್‌ಎಸ್. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಮಟ್ಟಕ್ಕೆ ಸರಿಯಾಗಿ. ನಮ್ಮ ಕಡೆಯ ಕುಚ್ಚಲಕ್ಕಿ ಗಂಜಿಯ ತಿಳಿ, ಉಪ್ಪು ಹಾಕಿದ್ದು, ಕೂಡಾ ಒಳ್ಳೆಯದು. ಇದನ್ನೆಲ್ಲ ಸಿಸ್ಟರ್ ನನಗೆ ಕೂರಿಸಿ ಹೇಳಿದರು. ಗದರಲಿಲ್ಲ. ಅದರಿಂದ ಇನ್ನೂ ನೋವಾಯಿತು. ಸುರತ್ಕಲ್ಲಿನಲ್ಲಿ ಇಲಿಯೊಸ್ಟಮಿ ಆದ ಒಬ್ಬರು ರಿಕ್ಷಾ ಡ್ರೈವರ್ ಇದ್ದರು. ಆ ಹುಡುಗನನ್ನು ಅವರಿಗೆ ಜೋಡಿಸಿದೆವು. ಏನು ತಿನ್ನಬಾರದು ಅಂತ ಅವರಿಗೆ ಸ್ವಂತ ಹೊಟ್ಟೆಯಿಂದ ಗೊತ್ತಿತ್ತು. ಹಲಸಿನ ಸೊಳೆ, ಕಣಿಲೆ ಅಂದರೆ ಬಿದಿರಿನ ಮೊಳಕೆ, ಅಣಬೆ, ತೆಂಗಿನಕಾಯಿ ತುಂಡು. ಮೊದಲ ತಿಂಗಳುಗಳಲ್ಲಿ ಇವು ಇಲಿಯೊಸ್ಟಮಿಯವರಿಗೆ ಒಳಗೆ ಅಡ್ಡ ನಿಲ್ಲುತ್ತವೆ. ನಾನು ಹಲಸಿನ ಹಣ್ಣು ಧಾರಾಳ ತಿನ್ನುವವಳು, ನನಗೆ ಆ ಯೋಚನೆಯೇ ಬಂದಿರಲಿಲ್ಲ.

ನಮ್ಮ ಕರಾವಳಿಯ ಬೆವರಿನ ಬಗ್ಗೆ ಯಾವ ಬ್ಯಾಗಿನ ಡಬ್ಬಿಯ ಮೇಲೂ ಬರೆದಿಲ್ಲ. ಡಿಸೆಂಬರಿನಲ್ಲಿ ನನ್ನ ಫ್ಲೇಂಜ್ ನಾಲ್ಕು ದಿನ ಬರುತ್ತದೆ. ಏಪ್ರಿಲಿನಲ್ಲಿ ಎರಡೇ ದಿನ. ಅಂಟಿಸುವ ಮೊದಲು ಚರ್ಮ ಪೂರ್ತಿ ಒಣಗಬೇಕು. ಫ್ಯಾನಿನ ಕೆಳಗೆ ಐದು ನಿಮಿಷ ಮಲಗಿ, ಆಮೇಲೆ ಅಂಟಿಸಿ, ಕೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಮೈಯ ಬಿಸಿಗೆ ಅಂಟು ಹಿಡಿಯುತ್ತದೆ. ಬ್ಯಾಗುಗಳನ್ನು ಶೀಟಿನ ಮಾಡಿನ ಅಡಿಯ ಅಟ್ಟದಲ್ಲಿ ಇಡಬೇಡಿ, ಸೆಕೆಗೆ ಅಂಟು ಹಾಳಾಗುತ್ತದೆ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಜಾಸ್ತಿ ತುಂಬಿದರೆ ಭಾರಕ್ಕೆ ಜಾರುತ್ತದೆ. ಕುಕ್ಕರಗಾಲಿನ ಪಾಯಿಖಾನೆ ಇರುವ ಮನೆಯಲ್ಲಿ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಂಡರೆ ಸಾಕು. ಮೊದಲು ಒಂದು ಚೆಂಬು ನೀರು ಹಾಕಿ, ಆಮೇಲೆ ಬ್ಯಾಗ್ ಖಾಲಿ ಮಾಡಿ, ಸಿಡಿಯುವುದಿಲ್ಲ. ಮದುವೆಗೆ ಹೋಗುವ ದಿನ ನಾನು ಮೂಲಂಗಿ, ಎಲೆಕೋಸು ಮುಟ್ಟುವುದಿಲ್ಲ. ಮಜ್ಜಿಗೆ ಚೆನ್ನಾಗಿ ಕುಡಿಯುತ್ತೇನೆ.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಬಜ್ಪೆಯಲ್ಲಿ ಕತ್ತರಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ ಎಂದು ಫ್ಲೇಂಜನ್ನು ಮನೆಯಲ್ಲೇ ಕತ್ತರಿಸಿ ಇಟ್ಟುಕೊಳ್ಳಿ. ಬ್ಯಾಗುಗಳು ಮಾತ್ರ ಕೈಚೀಲದಲ್ಲೇ ಇರಲಿ. ಡಾಕ್ಟರ ಚೀಟಿ ಜೊತೆಗಿರಲಿ.

ದುಡ್ಡಿನ ಮಾತು ಆಡಲೇಬೇಕು. ಒಂದು ಫ್ಲೇಂಜು, ಒಂದು ಬ್ಯಾಗು ಸೇರಿದರೆ ಕೆಲವು ನೂರು ರೂಪಾಯಿ. ಅದು ತಿಂಗಳು ತಿಂಗಳು, ಜೀವ ಇರುವವರೆಗೆ. ಆಪರೇಷನ್ನಿಗೆ ಹೇಗೋ ಸಹಾಯ ಸಿಕ್ಕವರು ಬ್ಯಾಗಿಗೆ ಸೋಲುತ್ತಾರೆ. ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡು, ಸುತ್ತಲೂ ಚರ್ಮ ಬೆಂದುಹೋದವರನ್ನು ನಾನು ನೋಡಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಸ್ಟೋಮಾ ಇಲ್ಲ. ಇದು ನನಗೆ ನುಂಗಲು ಆಗದ ಸಂಗತಿ. ನಮ್ಮ ಮನೆಯ ಕೋಣೆಯಲ್ಲಿ ಒಂದು ಹಳೆಯ ಟ್ರಂಕ್ ಇದೆ. ತಾತ್ಕಾಲಿಕ ಸ್ಟೋಮಾ ಮುಚ್ಚಿಸಿಕೊಂಡವರು ಉಳಿದ ಬ್ಯಾಗು ತಂದು ಕೊಡುತ್ತಾರೆ. ತೀರಿಕೊಂಡವರ ಮನೆಯವರೂ ಕೊಡುತ್ತಾರೆ. 45, 57, 70 ಎಂದು ಎಂಎಂ ಲೆಕ್ಕದಲ್ಲಿ ಕಟ್ಟು ಕಟ್ಟಿ, ತಾರೀಕು ನೋಡಿ ಇಡುತ್ತೇನೆ. ಒಂದು ಸಲ ಒಬ್ಬ ಮಗ ಅಪ್ಪನ ಹದಿಮೂರನೆಯ ದಿನ ಮುಗಿಸಿ ನೇರ ನಮ್ಮ ಮನೆಗೆ ಬಂದು ಎರಡು ಡಬ್ಬಿ ಇಟ್ಟುಹೋದ. ಕೂರಲಿಲ್ಲ. ಚಾ ಸಹ ಕುಡಿಯಲಿಲ್ಲ.

ಗಂಡಂದಿರ ಬಗ್ಗೆಯೂ ಬರೆಯಬೇಕು. ನಾನು ಒಳಗೆ ಹೆಂಗಸಿನ ಹತ್ತಿರ ಕೂತಿರುವಾಗ ನನ್ನ ಗಂಡ, ಇವರು, ಕೆಳಗೆ ಕ್ಯಾಂಟೀನಿನಲ್ಲಿ ಆಕೆಯ ಗಂಡನ ಹತ್ತಿರ ಕೂರುತ್ತಾರೆ. ಏನು ಮಾತಾಡುತ್ತೀರಿ ಅಂತ ಒಮ್ಮೆ ಕೇಳಿದೆ. "ಹೆಚ್ಚೇನಿಲ್ಲ. ಫ್ಲೇಂಜ್ ಕತ್ತರಿಸಲು ಬಾಗಿದ ತುದಿಯ ಸಣ್ಣ ಕತ್ತರಿ ಒಳ್ಳೆಯದು ಅಂತ ಹೇಳುತ್ತೇನೆ" ಎಂದರು. ನನ್ನ ಮೊದಲ ಮೂರು ತಿಂಗಳು ಎಲ್ಲ ಫ್ಲೇಂಜ್ ಕತ್ತರಿಸಿದ್ದು ಇವರೇ. ಆಗ ನಮ್ಮಿಬ್ಬರ ನಡುವೆ ಮಾತು ಕಡಿಮೆ ಇತ್ತು. ಕತ್ತರಿಯ ಸದ್ದು ಇತ್ತು.

ದೇವಸ್ಥಾನಕ್ಕೆ ಹೋಗಬಹುದಾ ಎಂದು ನಮ್ಮ ಕಡೆ ಕೇಳದ ಹೆಂಗಸರು ಇಲ್ಲ. ಮಡಿ ಮೈಲಿಗೆಯ ಉತ್ತರ ಕೊಡಲು ನಾನು ಯಾರು? ನಾನು ಮಾಡಿದ್ದು ಹೇಳುತ್ತೇನೆ. ಆಪರೇಷನ್ ಆಗಿ ಹತ್ತು ತಿಂಗಳಿಗೆ ಉಡುಪಿಗೆ ಹೋದೆ. ಕೃಷ್ಣ ಮಠದ ಸಾಲಿನಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಹಿಂದಿನವರು ತಳ್ಳುತ್ತಿದ್ದರು. ನವಗ್ರಹ ಕಿಂಡಿಯಲ್ಲಿ ಬಗ್ಗಿ ನೋಡಿದೆ. ಒಳಗೆ ದೀಪದ ಬೆಳಕಿನಲ್ಲಿ ಅವನು ಮೊದಲಿನ ಹಾಗೇ ಕಡೆಗೋಲು ಹಿಡಿದು ನಿಂತಿದ್ದ.

ಇಷ್ಟು ವರ್ಷದಲ್ಲಿ ನನ್ನ ಮನಸ್ಸಿನಿಂದ ಹೋಗದೆ ಉಳಿದವರು ನಾನು ಮುಖವನ್ನೇ ನೋಡದ ಒಬ್ಬರು. ಕುಂದಾಪುರದ ಕಡೆಯವರು. ನನಗಾದ ಕಾಯಿಲೆಯೇ. ಸ್ಟೋಮಾ ಬರುತ್ತದೆ ಅಂತ ಕೇಳಿದ್ದೇ ಡಿಸ್ಚಾರ್ಜ್ ಮಾಡಿಸಿಕೊಂಡು ಮನೆಗೆ ಹೋದರು. ಇದಕ್ಕಿಂತ ಸಾಯುವುದು ಲೇಸು ಅಂದರಂತೆ. ನಾಟಿ ಮದ್ದು ಮಾಡಿದರು. ಎಂಟು ತಿಂಗಳ ಮೇಲೆ ವಾಪಸು ಬಂದಾಗ ಅದು ಲಿವರಿಗೆ ಹರಡಿತ್ತು. ಆಗ ಅವರ ಮಗಳಿಗೆ ಯಾರೋ ನನ್ನ ನಂಬರ್ ಕೊಟ್ಟರು. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಆ ಹುಡುಗಿ ಕೇಳಿದಳು, "ನೀವು ಮೊದಲೇ ಯಾಕೆ ಬರಲಿಲ್ಲ?"

ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಅದು ಅವಳಿಗೆ ಕೊಡುವ ಉತ್ತರ ಅಲ್ಲ.

ಅಂದಿನಿಂದ ನಾನು ಗೊತ್ತಿರುವ ಎಲ್ಲ ಡಾಕ್ಟರಿಗೆ, ಸಿಸ್ಟರಿಗೆ ಒಂದೇ ಮಾತು ಹೇಳುತ್ತಿದ್ದೇನೆ. ಆಪರೇಷನ್ ಆದ ಮೇಲೆ ಕರೆಯಬೇಡಿ, ಮೊದಲೇ ಕರೆಯಿರಿ. ಹೆದರಿಕೆ ಇನ್ನೂ ಗಟ್ಟಿಯಾಗದ ದಿನಗಳಲ್ಲಿ ಕರೆಯಿರಿ. ನನಗೆ ಅಕ್ಕ ಬಂದದ್ದು ಆರನೇ ದಿನ. ಅವರು ಆಪರೇಷನ್ನಿನ ಹಿಂದಿನ ದಿನ ಬಂದಿದ್ದರೆ ನಾನು ಆ ರಾತ್ರಿ ಮಲಗುತ್ತಿದ್ದೆ. ಪೆನ್ನು ಹಿಡಿದವರಿಗೆ ಸೀರೆಯ ಮಾತು ಹೇಳುತ್ತಿದ್ದೆ. ನನ್ನ ಸ್ಟೋಮಾ ಎರಡು ಬೆರಳು ಆಚೆ ಇರುತ್ತಿತ್ತು.

ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಆಸ್ಟಮಿ ಎಂದರೆ ಸ್ಟೋಮಾ ಮಾಡುವ ಆಪರೇಷನ್. ಸ್ಟೋಮಾ ಇದ್ದವರೇ ಸೇರಿ ಇಂಥ ಕೆಲಸ ನಡೆಸಿಕೊಂಡು ಬಂದಿದ್ದಾರೆ. ಅಕ್ಟೋಬರಿನ ಮೊದಲ ಶನಿವಾರ ವಿಶ್ವ ಆಸ್ಟಮಿ ದಿನ ಅಂತ 1993ರಿಂದ ಇದೆ. ನಮ್ಮಲ್ಲಿ ಇನ್ನೂ ಸಂಘ, ಬೋರ್ಡು ಏನಿಲ್ಲ. ಏಳು ಜನ, ಏಳು ಫೋನ್ ನಂಬರು. ಬೀಡಿ ಅಕ್ಕ ಹೋದ ವರ್ಷ ತೀರಿಕೊಂಡರು, ಹೃದಯದ ತೊಂದರೆಯಿಂದ. ಈಗ ಆರು.

ಲಂಗದ ದಾರದ ಹುಡುಗಿಗೆ ಗುರುವಾರ ಆಪರೇಷನ್ ಇತ್ತು. ನಾನು ಮೊದಲು ಹೋದದ್ದು ಮಂಗಳವಾರ. ಬುಧವಾರ ಸಂಜೆ ಬರುವಾಗ ಮನೆಯಲ್ಲಿ ಉಡುವ ಸೀರೆ, ಲಂಗ ತರಿಸಿ ಇಟ್ಟಿರು ಎಂದಿದ್ದೆ. ತರಿಸಿದ್ದಳು. ಸ್ಟೋಮಾ ಸಿಸ್ಟರ್ ಬಾಗಿಲು ಹಾಕಿ ಪೆನ್ನು ತೆಗೆದರು. ಮಲಗಿಸಿ ಒಂದು ಚುಕ್ಕೆ ಇಟ್ಟರು. ಮಂಚದ ಮೇಲೆ ಕೂರಿಸಿದರು, ಸರಿ ಇತ್ತು. ನಿಲ್ಲಿಸಿದರು, ಸರಿ ಇತ್ತು. ನಾನು ಕೇಳಿದೆ, "ಮನೆಯಲ್ಲಿ ಮೀನು ಕೊಯ್ಯುವಾಗ ಹೇಗೆ ಕೂರುತ್ತೀ?"

ಅವಳು ನೆಲಕ್ಕೆ ಪೇಪರ್ ಹಾಸಿ ಕೂತಳು. ಮೆಟ್ಟುಕತ್ತಿ ಮೆಟ್ಟುವ ಹಾಗೆ ಒಂದು ಮೊಣಕಾಲು ಮೇಲೆತ್ತಿ, ಸ್ವಲ್ಪ ಮುಂದೆ ಬಗ್ಗಿದಳು. ಹೊಟ್ಟೆಯಲ್ಲಿ ಮಡಿಕೆ ಬಿತ್ತು. ಚುಕ್ಕೆ ಅದರೊಳಗೆ ಮುಚ್ಚಿಹೋಯಿತು.

ಸಿಸ್ಟರ್ ಮಾತಾಡಲಿಲ್ಲ. ಸ್ಪಿರಿಟ್ಟಿನಲ್ಲಿ ಆ ಚುಕ್ಕೆ ಒರೆಸಿದರು. ಸ್ವಲ್ಪ ಮೇಲೆ, ಸ್ವಲ್ಪ ಒಳಗೆ, ಚಪ್ಪಟೆ ಇರುವ ಕಡೆ ಹೊಸ ಗುರುತು ಹಾಕಿದರು. ಖಾಲಿ ಫ್ಲೇಂಜ್ ಒಂದನ್ನು ಅದರ ಮೇಲೆ ಅಂಟಿಸಿದರು. ಅವಳು ಎದ್ದು ಲಂಗವನ್ನು ಫ್ಲೇಂಜಿನ ಅಂಚಿನಿಂದ ಮೇಲಕ್ಕೆ ಎಳೆದು ದಾರ ಕಟ್ಟಿದಳು. ಗಂಟು ಬಲಗಡೆ ಹಾಕಿದಳು. ಮತ್ತೆ ಪೇಪರಿನ ಮೇಲೆ ಕೂತಳು, ಬಗ್ಗಿದಳು, ಎದ್ದಳು. ಇನ್ನೊಂದು ಸಲ ಕೂತಳು.

"ಆಗ್ತದೆ" ಅಂದಳು.